ಕೀ ಕೊಡುವ ಅಡುಗೆಮನೆ ಟೈಮರ್: ಐದು ತಿಂಗಳ ಬಳಕೆಯ ನಂತರ

ಹಾಸನದ ಒಂದು ಪಾತ್ರೆ ಅಂಗಡಿಯಲ್ಲಿ 340 ರೂಪಾಯಿ ಕೊಟ್ಟು ಕೊಂಡ, ಕೈಯಿಂದ ತಿರುಗಿಸಿ ಕೀ ಕೊಡುವ ಟೈಮರೊಂದನ್ನು ಐದು ತಿಂಗಳಿನಿಂದ ನನ್ನ ಬರೆಯುವ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಕೇಕು ಬೇಯಿಸುವವರಿಗೂ ಮೊಟ್ಟೆ ಬೇಯಿಸುವವರಿಗೂ ಎಂದು ತಯಾರಾದ ವಸ್ತು ಇದು. ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರ, ಉಕ್ಕಿನ ಹೊದಿಕೆ, ಮುಖದ ಮೇಲೆ ಸೊನ್ನೆಯಿಂದ 60ರವರೆಗೆ ನಿಮಿಷಕ್ಕೊಂದು ಗೆರೆ, ಒಳಗೆ ಒಂದು ಚಿಕ್ಕ ಗಂಟೆ. ಬ್ಯಾಟರಿ ಬೇಕಿಲ್ಲ. ಡಬ್ಬಿಯ ಮೇಲೆ ತಯಾರಕರ ಹೆಸರು ಇಲ್ಲದ ಕಾರಣ ಈ ವಿಮರ್ಶೆಯನ್ನು ಒಂದು ಕಂಪನಿಯ ವಸ್ತುವಿನ ವಿಮರ್ಶೆ ಎಂದು ಓದುವುದಕ್ಕಿಂತ, ಇಂತಹ ಟೈಮರುಗಳ ಇಡೀ ಜಾತಿಯ ವಿಮರ್ಶೆ ಎಂದು ಓದಿಕೊಳ್ಳುವುದು ಸರಿಯಾದೀತು.

ನಾನು ಪದವಿ ಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿ ವಿಜ್ಞಾನ ವಿಭಾಗಕ್ಕೆ ಸೇರಿ, ಅಲ್ಲಿ ಒಮ್ಮೆಲೇ ಇಂಗ್ಲಿಷಿನ ಪಠ್ಯವನ್ನು ಎದುರಿಸುವ ಮಕ್ಕಳು ಪ್ರತಿ ವರ್ಷವೂ ನನ್ನ ತರಗತಿಯಲ್ಲಿ ಇರುತ್ತಾರೆ. ನಾಲ್ಕು ವರ್ಷಗಳ ಹಿಂದೆ ಮೊದಲ ಕಿರುಪರೀಕ್ಷೆಯಲ್ಲಿ ಬಹುತೇಕ ಖಾಲಿ ಹಾಳೆ ಕೊಟ್ಟ ಒಬ್ಬ ಹುಡುಗಿಯನ್ನು ಕರೆದು ಕನ್ನಡದಲ್ಲಿ ಕೇಳಿದಾಗ, ಜಡತ್ವ ಎಂದರೇನು, ಬಸ್ಸು ತಟ್ಟನೆ ನಿಂತಾಗ ನಾವು ಮುಂದಕ್ಕೆ ಏಕೆ ವಾಲುತ್ತೇವೆ ಎಂಬುದನ್ನು ಒಂದು ತಪ್ಪೂ ಇಲ್ಲದೆ ವಿವರಿಸಿದಳು. ಅವಳಿಗೆ ಗೊತ್ತಿರದೇ ಇದ್ದದ್ದು ಆ ಪ್ರಶ್ನೆಯಲ್ಲಿದ್ದ ಇಂಗ್ಲಿಷ್ ಪದ ಮಾತ್ರ. ಜವ, ವೇಗ, ವೇಗೋತ್ಕರ್ಷ, ಸಂವೇಗ ಎಂದು ಕಲಿತು ಬಂದ ಮಕ್ಕಳಿಗೆ ಅದೇ ಪರಿಕಲ್ಪನೆಗಳನ್ನು ಎರಡೂ ಭಾಷೆಗಳಲ್ಲಿ ಅಕ್ಕಪಕ್ಕ ಇಟ್ಟು ತೋರಿಸುವ, ಬಿಡಿಸಿದ ಲೆಕ್ಕಗಳೂ ಇರುವ ಟಿಪ್ಪಣಿ ಪುಸ್ತಕವೊಂದನ್ನು ಬರೆಯಬೇಕೆಂದು ಅಂದೇ ನಿಶ್ಚಯಿಸಿದೆ. ಮೂರು ವರ್ಷ ಕಳೆದ ಮೇಲೆ ನನ್ನ ಬಳಿ ಇದ್ದದ್ದು 11 ಪುಟಗಳು.

ಈ ಮೂರು ವರ್ಷಗಳಲ್ಲಿ ನಾನು ಸುಮ್ಮನೆ ಕುಳಿತವಳಲ್ಲ. ಬಿಡುವಿಲ್ಲ ಎಂದು ಹೇಳುವುದೇ ಅಭ್ಯಾಸವಾಗಿತ್ತು, ಅದು ಸುಳ್ಳೂ ಆಗಿರಲಿಲ್ಲ. ಆದರೂ ಈ ಬಿಡುವಿಲ್ಲದ ಹೊತ್ತೆಲ್ಲ ಎಲ್ಲಿಗೆ ಹೋಗುತ್ತಿದೆ ಎಂದು ತಿಳಿಯುವ ಉದ್ದೇಶದಿಂದ ಕಳೆದ ಬೇಸಿಗೆಯ ನಂತರದ ಒಂದು ವಾರ, ಕಾಲೇಜಿನ ಸಮಯ, ಅಡುಗೆ ಮತ್ತು ನಿದ್ರೆಯನ್ನು ಬಿಟ್ಟು ಉಳಿದ ಪ್ರತಿ ಅರ್ಧ ಗಂಟೆಯನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟೆ. ನಾಲ್ಕು ವಾಟ್ಸಾಪ್ ಗುಂಪುಗಳಲ್ಲಿ ಬಂದದ್ದನ್ನು ಓದುವುದು ಮತ್ತು ಉತ್ತರಿಸುವುದು, ಒಂದೇ ಅಂಕಪಟ್ಟಿಯನ್ನು ಮೂರು ನಮೂನೆಗಳಲ್ಲಿ ತುಂಬುವುದು, ಓದಿದ ಸುತ್ತೋಲೆಯನ್ನೇ ಮತ್ತೆ ಓದುವುದು, ಮೇಜಿನ ಮೇಲಿನ ಕಾಗದಗಳನ್ನು ಜೋಡಿಸುವುದು, ಯಾರದೋ ಕರೆಗೆ ಕಾಯುವುದು, ಇವೆಲ್ಲ ಸೇರಿ ಆ ವಾರ 17 ಗಂಟೆಗಳಾಗಿದ್ದವು. ಅವುಗಳಲ್ಲಿ ಕೆಲವು ಆಗಲೇಬೇಕಾದ ಕೆಲಸಗಳು. ಆದರೆ ಹೆಚ್ಚಿನವನ್ನು ನಾನಾಗಿ ಆರಿಸಿಕೊಂಡಿರಲಿಲ್ಲ. ಅವು ಎದುರಿಗೆ ಬಂದವು, ನಾನು ಮಾಡಿದೆ. ಟಿಪ್ಪಣಿ ಪುಸ್ತಕ ಮಾತ್ರ ತಾನಾಗಿ ಎದುರಿಗೆ ಬರುವಂಥದ್ದಲ್ಲ. ಅದನ್ನು ಯಾರೂ ಕೇಳಿರಲಿಲ್ಲ, ಅದಕ್ಕೆ ಕೊನೆಯ ದಿನಾಂಕ ಎಂಬುದೂ ಇರಲಿಲ್ಲ.

ಟೈಮರನ್ನು ಕೊಂಡದ್ದು ಆ ವಾರದ ಕೊನೆಯಲ್ಲಿ.

ಮೊದಲು ವಸ್ತುವಿನ ಗುಣದೋಷಗಳನ್ನು ಹೇಳುತ್ತೇನೆ. ಮುಖವನ್ನು ಬಲಕ್ಕೆ ತಿರುಗಿಸಿದಾಗ ಒಳಗಿನ ಸುರುಳಿ ಸ್ಪ್ರಿಂಗು ಬಿಗಿಯಾಗುತ್ತದೆ. ಅದು ಬಿಚ್ಚಿಕೊಳ್ಳುವ ಬಲವನ್ನು ಹಲ್ಲುಚಕ್ರಗಳು ಮುಂದಕ್ಕೆ ಸಾಗಿಸುತ್ತವೆ. ಕೊನೆಯಲ್ಲಿರುವ, ಅತ್ತಿತ್ತ ತೂಗಾಡುವ ಒಂದು ಪುಟ್ಟ ಚಕ್ರವು ಆ ಬಲವನ್ನು ಒಮ್ಮೆಲೇ ಹರಿದುಹೋಗದಂತೆ ತಡೆದು, ಹಲ್ಲಿಗೊಂದು ಹಲ್ಲಾಗಿ ಬಿಡುತ್ತದೆ. ನಮಗೆ ಕೇಳುವ ಟಿಕ್ ಟಿಕ್ ಸದ್ದು ಈ ತಡೆದು ಬಿಡುವುದರದ್ದು. ಮುಖ ಸೊನ್ನೆಗೆ ಬಂದಾಗ ಗಂಟೆಯ ಸುತ್ತಿಗೆಯನ್ನು ಹಿಡಿದಿಟ್ಟಿದ್ದ ಅಡ್ಡಿ ಸರಿದು, ಸ್ಪ್ರಿಂಗಿನಲ್ಲಿ ಉಳಿದ ಬಲದಿಂದ ಗಂಟೆ ನಾಲ್ಕೈದು ಸೆಕೆಂಡು ಬಾರಿಸುತ್ತದೆ. ಸಂಗ್ರಹವಾದ ಶಕ್ತಿ ಚಲನೆಯಾಗಿ ಬದಲಾಗುವುದನ್ನು ತೋರಿಸಲು ಒಮ್ಮೆ ತರಗತಿಗೂ ಇದನ್ನು ಒಯ್ದಿದ್ದೆ, ಮಕ್ಕಳು ಬಹಳ ಆಸಕ್ತಿಯಿಂದ ನೋಡಿದರು.

ಬಳಸುವವರು ತಿಳಿದಿರಬೇಕಾದ ಒಂದು ವಿಷಯವಿದೆ. ಐದು ಅಥವಾ ಹತ್ತು ನಿಮಿಷದಂತಹ ಕಡಿಮೆ ಅವಧಿಗೆ ನೇರವಾಗಿ ತಿರುಗಿಸಿ ಬಿಟ್ಟರೆ ಸ್ಪ್ರಿಂಗಿಗೆ ಸಾಕಷ್ಟು ಬಿಗಿ ಬರುವುದಿಲ್ಲ, ಗಂಟೆ ಕ್ಷೀಣವಾಗಿ ಬಾರಿಸುತ್ತದೆ ಅಥವಾ ಬಾರಿಸುವುದೇ ಇಲ್ಲ. ಮೊದಲು 60ರ ಹತ್ತಿರದವರೆಗೆ ತಿರುಗಿಸಿ, ಅನಂತರ ನಿಧಾನವಾಗಿ ಬೇಕಾದ ಗೆರೆಗೆ ಹಿಂದಕ್ಕೆ ತರಬೇಕು. ಇದು ಗೊತ್ತಿಲ್ಲದೆ ಮೊದಲ ವಾರ ಎರಡು ಬಾರಿ ಗಂಟೆ ಬಾರಿಸಲಿಲ್ಲ, ಟೈಮರು ಕೆಟ್ಟಿದೆ ಎಂದೇ ತಿಳಿದಿದ್ದೆ.

ನಿಖರತೆಯನ್ನು ಪ್ರಯೋಗಾಲಯದ ಸ್ಟಾಪ್‌ವಾಚಿನೊಂದಿಗೆ ಹೋಲಿಸಿ ನೋಡಿದೆ. 25ರ ಗೆರೆಗೆ ಇಟ್ಟು ಹತ್ತು ಬಾರಿ ಅಳೆದಾಗ ಅತಿ ಕಡಿಮೆ 24 ನಿಮಿಷ 20 ಸೆಕೆಂಡು, ಅತಿ ಹೆಚ್ಚು 26 ನಿಮಿಷ 5 ಸೆಕೆಂಡು ಬಂದಿತು. ಈ ವ್ಯತ್ಯಾಸಕ್ಕೆ ಒಂದು ಕಾರಣ ಹಲ್ಲುಗಳ ನಡುವಿನ ಸಡಿಲ, ಇನ್ನೊಂದು ಗೆರೆಯನ್ನು ಓರೆಯಾಗಿ ನೋಡುವ ನಮ್ಮ ಕಣ್ಣು. ಪ್ರಯೋಗಕ್ಕೆ ಇದು ಸಾಲದು. ಬರೆಯಲು ಕೂರುವುದಕ್ಕೆ ಧಾರಾಳವಾಗಿ ಸಾಕು. ಸದ್ದಿನ ವಿಷಯ ಹಾಗಲ್ಲ. ಹಗಲಿನಲ್ಲಿ ಗಮನಕ್ಕೇ ಬಾರದ ಟಿಕ್ ಟಿಕ್ ಮುಂಜಾನೆ ಐದು ಗಂಟೆಯ ಮನೆಯಲ್ಲಿ ಪಕ್ಕದ ಕೋಣೆಗೂ ಕೇಳುತ್ತದೆ. ನಾಲ್ಕಾಗಿ ಮಡಿಸಿದ ಕೈವಸ್ತ್ರದ ಮೇಲೆ ಇಟ್ಟರೆ ಮೇಜಿನ ಹಲಗೆ ಅನುರಣಿಸುವುದು ತಪ್ಪಿ ಸದ್ದು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಎಸ್‌ಎಸ್‌ಎಲ್‌ಸಿ ಓದುತ್ತಿರುವ ನನ್ನ ಮಗನಿಗೆ ಈ ಸದ್ದು ಎರಡು ದಿನವೂ ಸಹನೆಯಾಗಲಿಲ್ಲ. ಅವನು ಫ್ರಿಜ್ಜಿಗೆ ಅಂಟಿಸುವ, ಬ್ಯಾಟರಿಯ ಡಿಜಿಟಲ್ ಟೈಮರನ್ನು ಬಳಸುತ್ತಾನೆ. ಸದ್ದಿಗೆ ಕಿರಿಕಿರಿಗೊಳ್ಳುವವರು ಅದನ್ನೇ ಕೊಳ್ಳುವುದು ಒಳ್ಳೆಯದು. ಮರಳು ಗಡಿಯಾರವನ್ನೂ ಕೆಲವರು ಬಳಸುತ್ತಾರೆ, ಅದು ಪೂರ್ತಿ ನಿಶ್ಶಬ್ದ. ಆದರೆ ಮರಳು ಮುಗಿದದ್ದನ್ನು ತಿಳಿಯಲು ಆಗಾಗ ತಲೆಯೆತ್ತಿ ನೋಡಬೇಕಾಗುತ್ತದೆ, ಬರೆಯುವವರಿಗೆ ಅದು ಹಿತವಲ್ಲ.

ಮೊಬೈಲಿನಲ್ಲಿ ಇರುವ ಟೈಮರು ಇದಕ್ಕಿಂತ ನಿಖರ, ಅದಕ್ಕೆ ಹಣವನ್ನೂ ಕೊಡಬೇಕಾಗಿಲ್ಲ ಎಂದು ಓದುಗರು ಕೇಳಬಹುದು. ನಾನು ಮೊದಲು ಮಾಡಿದ್ದೂ ಅದನ್ನೇ. ಟೈಮರು ಇಡಲೆಂದು ಮೊಬೈಲನ್ನು ಕೈಗೆತ್ತಿಕೊಂಡಾಗ ತೆರೆಯ ಮೇಲೆ ಮೂರು ಸಂದೇಶಗಳು ಕಾಣಿಸುತ್ತವೆ. ಅವುಗಳಲ್ಲಿ ಒಂದು ತುರ್ತಿನಂತೆ ತೋರುತ್ತದೆ. ಉತ್ತರಿಸಿ ಮುಗಿಸುವಷ್ಟರಲ್ಲಿ ಟೈಮರು ಇಡಬೇಕೆಂದು ಬಂದದ್ದೇ ಮರೆತುಹೋಗಿರುತ್ತದೆ. ಸಮಯವನ್ನು ಕಾಯಬೇಕಾದ ಸಾಧನದ ಒಳಗೇ ಸಮಯವನ್ನು ಕೇಳುವವರೆಲ್ಲ ಕುಳಿತಿರುವಾಗ ಅದರಿಂದ ಈ ಕೆಲಸ ಆಗುವುದು ಕಷ್ಟ. ಈ ಉಕ್ಕಿನ ಡಬ್ಬಿ ಒಂದೇ ಕೆಲಸವನ್ನು ಬಲ್ಲದು ಎಂಬುದೇ ನನ್ನ ದೃಷ್ಟಿಯಲ್ಲಿ ಇದರ ದೊಡ್ಡ ಗುಣ. ಕೀ ಕೊಟ್ಟ ಮೇಲೆ ಮೊಬೈಲನ್ನು ಅಡುಗೆಮನೆಯ ಕಪಾಟಿನ ಮೇಲೆ ಇಟ್ಟು ಬರುತ್ತೇನೆ.

ಅಡುಗೆಮನೆಯ ಟೈಮರನ್ನು ಓದುವ ಮೇಜಿಗೆ ತಂದ ಮೊದಲಿಗಳು ನಾನಲ್ಲ. ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ ಎಂಬುವರು 1980ರ ದಶಕದ ಕೊನೆಯಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗ ಓದಿನಲ್ಲಿ ಮನಸ್ಸು ನಿಲ್ಲದೆ, ಟೊಮೆಟೊ ಆಕಾರದ ಒಂದು ಟೈಮರನ್ನು ಎದುರಿಗಿಟ್ಟುಕೊಂಡು ಓದಲು ಆರಂಭಿಸಿದರು. ಇಟಾಲಿಯನ್ ಭಾಷೆಯಲ್ಲಿ ಟೊಮೆಟೊ ಹಣ್ಣಿಗೆ ಪೊಮೊಡೊರೊ ಎನ್ನುತ್ತಾರೆ, ಆ ಹೆಸರೇ ಈ ವಿಧಾನಕ್ಕೂ ನಿಂತಿತು. 25 ನಿಮಿಷ ಒಂದೇ ಕೆಲಸ, 5 ನಿಮಿಷ ವಿರಾಮ, ಇಂತಹ ನಾಲ್ಕು ಸುತ್ತುಗಳಾದ ಮೇಲೆ 15ರಿಂದ 30 ನಿಮಿಷಗಳ ದೀರ್ಘ ವಿರಾಮ. ನಡುವೆ ಬೇರೆ ಯಾವುದಾದರೂ ನೆನಪಾದರೆ ಅದನ್ನು ಒಂದು ಚೀಟಿಯಲ್ಲಿ ಬರೆದಿಟ್ಟು ಮುಂದುವರಿಯಬೇಕು. ಎದ್ದು ಹೋಗಲೇಬೇಕಾಗಿ ಬಂದರೆ ಆ ಸುತ್ತನ್ನು ಲೆಕ್ಕಕ್ಕೆ ಹಿಡಿಯಬಾರದು, ಅರ್ಧ ಸುತ್ತು ಎಂಬುದಿಲ್ಲ. ನನಗೆ ಅತ್ಯಂತ ಉಪಯುಕ್ತವಾದದ್ದು ಈ ಚೀಟಿಯ ನಿಯಮ. ಗ್ಯಾಸ್ ಸಿಲಿಂಡರಿಗೆ ಹೇಳಬೇಕು, ಸಹೋದ್ಯೋಗಿಗೆ ಪ್ರಶ್ನೆಪತ್ರಿಕೆ ಕಳುಹಿಸಬೇಕು ಎಂಬಂತಹ ನೆನಪುಗಳು ಬರೆಯಲು ಕುಳಿತ ಕೂಡಲೇ ಸಾಲಾಗಿ ಬರುತ್ತವೆ. ಚೀಟಿಯಲ್ಲಿ ಬರೆದ ಮೇಲೆ ಅವು ಮತ್ತೆ ಕಾಡುವುದಿಲ್ಲ. ಗಂಟೆ ಬಾರಿಸಿದ ನಂತರ ನೋಡಿದರೆ ಅವುಗಳಲ್ಲಿ ಅರ್ಧದಷ್ಟು ಅಂದೇ ಆಗಬೇಕಾದವೂ ಆಗಿರುವುದಿಲ್ಲ.

ಈ 25 ನಿಮಿಷದ ಲೆಕ್ಕವನ್ನು ನಮ್ಮ ತಾಯಿಗೆ ವಿವರಿಸಿದಾಗ ಅವರು, "ಒಂದು ಗಳಿಗೆ ಅನ್ನು" ಎಂದರು. ಎಷ್ಟು ಸರಿಯಾದ ಮಾತು ಎಂದು ಆಮೇಲೆ ಹೊಳೆಯಿತು. ಹಗಲು ರಾತ್ರಿ ಸೇರಿ 60 ಗಳಿಗೆ ಎಂಬ ನಮ್ಮ ಹಳೆಯ ಲೆಕ್ಕದಲ್ಲಿ ಒಂದು ಗಳಿಗೆ ಎಂದರೆ ಸರಿಯಾಗಿ 24 ನಿಮಿಷ; ಎರಡೂವರೆ ಗಳಿಗೆಗೆ ಒಂದು ಗಂಟೆ, ಎರಡು ಗಳಿಗೆಗೆ ಒಂದು ಮುಹೂರ್ತ. ತಳದಲ್ಲಿ ಸೂಜಿಮೊನೆಯಷ್ಟು ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಪಾತ್ರೆಯಲ್ಲಿ ತೇಲಿಬಿಟ್ಟು, ಅದು ತುಂಬಿ ಮುಳುಗುವುದನ್ನು ನೋಡಿ ಈ ಅವಧಿಯನ್ನು ಅಳೆಯುತ್ತಿದ್ದರು. ಮದುವೆಯ ಮುಹೂರ್ತಕ್ಕೆ ಗಳಿಗೆ ಬಟ್ಟಲನ್ನು ಇಡುತ್ತಿದ್ದ ಸಂಗತಿ ಹಿರಿಯರ ಮಾತಿನಲ್ಲಿ ಈಗಲೂ ಕೇಳಿಬರುತ್ತದೆ. ಗಡಿಯಾರ ಎಂಬ ಮಾತಿನಲ್ಲಿಯೂ ಅದೇ ಗಳಿಗೆಯ ಸಂಸ್ಕೃತ ರೂಪವಾದ ಘಟಿಕೆ ಅಡಗಿದೆ. ಬಟ್ಟಲು ಮುಳುಗುವವರೆಗೆ ಒಬ್ಬರು ಅದರ ಮುಂದೆ ಕುಳಿತು ಕಾಯಬೇಕಿತ್ತು ಎಂಬುದನ್ನು ನೆನೆದಾಗ, ಹೊತ್ತನ್ನು ಅಳೆಯುವುದು ಎಂದರೆ ಅದಕ್ಕೆ ಗಮನ ಕೊಡುವುದೂ ಆಗಿದ್ದ ಕಾಲ ಅದು ಎನಿಸುತ್ತದೆ. ಅಂದಿನಿಂದ ನಾನೂ ಒಂದು ಸುತ್ತನ್ನು ಗಳಿಗೆ ಎಂದೇ ಕರೆಯುತ್ತಿದ್ದೇನೆ, ಟೈಮರನ್ನು 25ರ ಗೆರೆಗಿಂತ ಒಂದು ಗೆರೆ ಹಿಂದಕ್ಕೆ ಇಡುತ್ತೇನೆ.

ಇಲ್ಲಿಯವರೆಗೆ ಹೇಳಿದ್ದು ಅನುಕೂಲದ ಮಾತು. ಈ ವಿಮರ್ಶೆಯನ್ನು ಬರೆಯಬೇಕೆನಿಸಿದ್ದು ಎರಡನೆಯ ತಿಂಗಳಲ್ಲಿ ಆದ ಒಂದು ಅನುಭವದಿಂದ. ಮೊದಲ ತಿಂಗಳ ಉತ್ಸಾಹದಲ್ಲಿ ದಿನಕ್ಕೆ ಎಷ್ಟು ಗಳಿಗೆಗಳಾದವು ಎಂದು ಕ್ಯಾಲೆಂಡರಿನಲ್ಲಿ ಗೆರೆ ಹಾಕಿಡಲು ತೊಡಗಿದ್ದೆ. ಗೆರೆಗಳು ಹೆಚ್ಚಾದಂತೆ ಸಂತೋಷವಾಗುತ್ತಿತ್ತು. ಅಂಕಪಟ್ಟಿ ತುಂಬುವುದಕ್ಕೂ ಟೈಮರು, ಸಂದೇಶಗಳಿಗೆ ಉತ್ತರಿಸುವುದಕ್ಕೂ ಟೈಮರು, ಕಪಾಟು ಜೋಡಿಸುವುದಕ್ಕೂ ಟೈಮರು. ಎರಡನೆಯ ತಿಂಗಳ ಒಂದು ವಾರದಲ್ಲಿ 38 ಗೆರೆಗಳಾಗಿದ್ದವು, ಟಿಪ್ಪಣಿ ಪುಸ್ತಕ ಎರಡು ಪುಟ ಮಾತ್ರ ಮುಂದೆ ಹೋಗಿತ್ತು. ಆ ಭಾನುವಾರ ನಾನು ಬರೆಯುತ್ತಿದ್ದದ್ದು ಚಲನೆಯ ಅಧ್ಯಾಯ. ಕ್ರಮಿಸಿದ ದೂರಕ್ಕೂ ಸ್ಥಾನಪಲ್ಲಟಕ್ಕೂ, ಅಂದರೆ ಹೊರಟಲ್ಲಿಂದ ತಲುಪಿದಲ್ಲಿಗೆ ಇರುವ ನೇರ ಅಂತರಕ್ಕೂ, ಇರುವ ವ್ಯತ್ಯಾಸವನ್ನು ತಿಳಿಸಲು ನಾವೆಲ್ಲ ಕೊಡುವ ಉದಾಹರಣೆಯೊಂದಿದೆ. ಮೈದಾನದ 400 ಮೀಟರ್ ಓಟದ ಪಥವನ್ನು ಒಂದು ಸುತ್ತು ಓಡಿ ಹೊರಟಲ್ಲಿಗೇ ಬಂದ ವಿದ್ಯಾರ್ಥಿ ಕ್ರಮಿಸಿದ ದೂರ 400 ಮೀಟರ್, ಅವನ ಸ್ಥಾನಪಲ್ಲಟ ಸೊನ್ನೆ. ಆ ಸಾಲನ್ನು ಎರಡು ಭಾಷೆಗಳಲ್ಲಿ ಬರೆದು ಮುಗಿಸಿ ಕ್ಯಾಲೆಂಡರಿನತ್ತ ನೋಡಿದಾಗ, ಅಲ್ಲಿದ್ದ 38 ಗೆರೆಗಳು ನಾನು ಓಡಿದ ದೂರವನ್ನು ಮಾತ್ರ ಹೇಳುತ್ತಿವೆ ಎಂಬುದು ನಿಚ್ಚಳವಾಗಿ ಕಂಡಿತು. ಮೊದಲಿನ ಬಿಡುವಿಲ್ಲದ ಬದುಕಿಗೆ ಗಂಟೆಯ ಸದ್ದೊಂದು ಸೇರಿಕೊಂಡಿತ್ತು, ಅಷ್ಟೇ.

ಅಂದು ಕ್ಯಾಲೆಂಡರಿನ ಗೆರೆಗಳನ್ನು ನಿಲ್ಲಿಸಿದೆ. ಅದಕ್ಕೆ ಬದಲಾಗಿ, ಟೈಮರಿಗೆ ಕೈ ಹಾಕುವ ಮೊದಲು, ಗಂಟೆ ಬಾರಿಸಿದಾಗ ಈ ಮೇಜಿನ ಮೇಲೆ ಈಗ ಇಲ್ಲದ ಯಾವುದು ಇರಬೇಕು ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಲು ಆರಂಭಿಸಿದೆ. "ಸಂವೇಗದ ಮೇಲೆ ಎರಡು ಲೆಕ್ಕಗಳು, ಹಂತ ಹಂತವಾಗಿ ಬಿಡಿಸಿದವು." "ಘರ್ಷಣೆಯ ಚಿತ್ರ, ಬಾಣದ ಗುರುತುಗಳೊಂದಿಗೆ." ಹೀಗೆ ಬರೆಯಲಾಗದ ಕೆಲಸಕ್ಕೆ ಕೀ ಕೊಡುವುದಿಲ್ಲ ಎಂದು ನಿಯಮ ಮಾಡಿಕೊಂಡೆ. "ಪುಸ್ತಕದ ಕೆಲಸ ಸ್ವಲ್ಪ ನೋಡುವುದು" ಎಂಬಂತಹ ವಾಕ್ಯಗಳೂ ನಿಷಿದ್ಧ. ಅಂತಹ ಗಳಿಗೆಗಳಲ್ಲಿ ನಾನು ಹಳೆಯ ಪುಟಗಳ ಅಕ್ಷರಗಳನ್ನು ತಿದ್ದುತ್ತಾ, ಶೀರ್ಷಿಕೆಗಳಿಗೆ ಬಣ್ಣ ಹಚ್ಚುತ್ತಾ ಕಳೆದುಬಿಡುತ್ತೇನೆ ಎಂದು ತಿಳಿದಿತ್ತು. ಬೇರೆ ಕೆಲಸಗಳು ನಿಂತುಹೋಗಲಿಲ್ಲ, ನಿಲ್ಲುವಂಥವೂ ಅಲ್ಲ. ಅಂಕಪಟ್ಟಿಗಳನ್ನು ಈಗಲೂ ತುಂಬುತ್ತೇನೆ. ಆದರೆ ಅವುಗಳನ್ನು ಸಂಜೆ ಕಾಲೇಜಿನಿಂದ ಬಂದು ದಣಿದಿರುವಾಗ, ಒಟ್ಟಿಗೆ, ಟೈಮರು ಇಲ್ಲದೆ ಮಾಡುತ್ತೇನೆ. ಮುಂಜಾನೆಯ ಎರಡು ಗಳಿಗೆಗಳು ಪುಸ್ತಕಕ್ಕೆ ಮೀಸಲು, ವಾರಕ್ಕೆ ಐದು ದಿನ. ವಾಟ್ಸಾಪಿನಲ್ಲಿ ನನ್ನ ಉತ್ತರ ಎಂಟು ಗಂಟೆಯ ನಂತರವೇ ಬರುತ್ತದೆ ಎಂದು ಗುಂಪುಗಳಲ್ಲಿ ತಿಳಿಸಿದೆ, ಯಾರೂ ಆಕ್ಷೇಪಿಸಲಿಲ್ಲ.

ಕೀ ಕೊಡುವ ಕ್ರಿಯೆಗೇ ಇಲ್ಲಿ ಒಂದು ಬೆಲೆ ಇದೆ ಎಂದು ನನಗೆ ಅನಿಸುತ್ತದೆ. ನಮ್ಮ ತಂದೆಯವರ ಬಳಿ ಒಂದು ಎಚ್‌ಎಂಟಿ ಕೈಗಡಿಯಾರವಿತ್ತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಸಲು ಆರಂಭಿಸಿದ ಆ ಕಾರ್ಖಾನೆಯ ಗಡಿಯಾರಗಳು ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಮದುವೆಯ, ನೌಕರಿಯ, ನಿವೃತ್ತಿಯ ಉಡುಗೊರೆಯಾಗಿ ಬಂದಿದ್ದವು. ತಂದೆಯವರು ಪ್ರತಿದಿನ ಸ್ನಾನ ಮುಗಿಸಿ, ಗಡಿಯಾರವನ್ನು ಕಿವಿಯ ಬಳಿ ಹಿಡಿದು, ಬೆರಳ ತುದಿಯಿಂದ ಕೀ ಕೊಡುತ್ತಾ ಅಂದು ಆಗಬೇಕಾದ ಎರಡು ಮೂರು ಕೆಲಸಗಳನ್ನು ಅಮ್ಮನಿಗೆ ಹೇಳುತ್ತಿದ್ದರು. ಆ ಅರ್ಧ ನಿಮಿಷವನ್ನು ನಾನು ಬಾಲ್ಯದಲ್ಲಿ ಗಮನಿಸಿಯೂ ಗಮನಿಸದೆ ಇದ್ದೆ. ಬ್ಯಾಟರಿಯ ಗಡಿಯಾರಗಳು ನಮ್ಮನ್ನು ಏನೂ ಕೇಳದೆ ತಾವಾಗಿ ಓಡುತ್ತವೆ. ಈ ಟೈಮರು ನಾನು ತಿರುಗಿಸುವವರೆಗೆ ಸುಮ್ಮನೆ ಕುಳಿತಿರುತ್ತದೆ. ತಿರುಗಿಸುವ ಮುನ್ನ, ಯಾವುದಕ್ಕೆ ಎಂಬ ಪ್ರಶ್ನೆಯನ್ನು ಪ್ರತಿ ಬಾರಿಯೂ ನನ್ನ ಮುಂದೆ ಇಡುತ್ತದೆ.

ಇದು ಹೊಂದದ ಕೆಲಸಗಳೂ ಇವೆ. ತರಗತಿಯ ನಂತರ ಅನುಮಾನ ಕೇಳಲು ಬಂದ ವಿದ್ಯಾರ್ಥಿಯ ಮುಂದೆ, ಮನೆಗೆ ಬಂದ ನೆಂಟರ ಮುಂದೆ, ತಾಯಿಯೊಂದಿಗೆ ಮಾತನಾಡುತ್ತಾ ಕುಳಿತ ಸಂಜೆಗಳಲ್ಲಿ ಇದನ್ನು ತಿರುಗಿಸುವುದು ಸಲ್ಲದು, ಅಂತಹ ಹೊತ್ತುಗಳಿಗೆ ಅವುಗಳದೇ ಅಳತೆ ಇದೆ. ಒಂದು ಪರಿಕಲ್ಪನೆಯನ್ನು ಮಕ್ಕಳಿಗೆ ಹೇಗೆ ಹೇಳಬೇಕೆಂದು ತೋಚದೆ ನಡೆಯುತ್ತಾ ಯೋಚಿಸುವ ಹೊತ್ತಿಗೂ ಇದು ಬೇಕಿಲ್ಲ. ಲೆಕ್ಕ ಬಿಡಿಸುವುದರಲ್ಲಿ ಆಳವಾಗಿ ಮುಳುಗಿರುವಾಗ ಗಂಟೆ ಬಾರಿಸಿದರೆ ಎದ್ದು ಐದು ನಿಮಿಷ ವಿರಾಮ ತೆಗೆದುಕೊಳ್ಳಬೇಕೆಂಬ ನಿಯಮವನ್ನು ನಾನು ಪಾಲಿಸುವುದಿಲ್ಲ, ಲೆಕ್ಕ ಮುಗಿಸಿಯೇ ಏಳುತ್ತೇನೆ.

ಬಾಳಿಕೆಯ ಬಗ್ಗೆ ಐದು ತಿಂಗಳಲ್ಲಿ ಹೆಚ್ಚು ಹೇಳಲಾಗದು. ಒಮ್ಮೆ ಮೇಜಿನಿಂದ ನೆಲಕ್ಕೆ ಬಿದ್ದು ಉಕ್ಕಿನ ಅಂಚು ತುಸು ಬಗ್ಗಿದೆ, ಓಟದಲ್ಲಿ ವ್ಯತ್ಯಾಸ ಬಂದಿಲ್ಲ. ಒಲೆಯ ಹಬೆ ಮತ್ತು ಎಣ್ಣೆಯ ಜಿಡ್ಡು ಹಲ್ಲುಚಕ್ರಗಳಿಗೆ ಒಳ್ಳೆಯದಲ್ಲವಾದ್ದರಿಂದ ಅಡುಗೆಗೂ ಬರವಣಿಗೆಗೂ ಒಂದೇ ಟೈಮರನ್ನು ಬಳಸದಿರುವುದು ಲೇಸು.

ಈ ಐದು ತಿಂಗಳಲ್ಲಿ ಪುಸ್ತಕಕ್ಕೆಂದು ಕೀ ಕೊಟ್ಟದ್ದು ಸುಮಾರು 190 ಬಾರಿ, ಅಂದರೆ 80 ಗಂಟೆಗಿಂತ ಸ್ವಲ್ಪ ಕಡಿಮೆ. ನಾನು ಬರೆದಿಟ್ಟ ಆ ಒಂದು ವಾರದ 17 ಗಂಟೆಗಳ ಲೆಕ್ಕದಲ್ಲಿ ನೋಡಿದರೆ ಇದು ಐದು ವಾರಗಳಷ್ಟೂ ಆಗುವುದಿಲ್ಲ. 11 ಪುಟಗಳಿದ್ದ ಟಿಪ್ಪಣಿ ಈಗ 112 ಪುಟಗಳಾಗಿದೆ. ಚಲನೆ, ಬಲ, ಕೆಲಸ ಮತ್ತು ಶಕ್ತಿ, ಗುರುತ್ವ ಇವುಗಳ ಅಧ್ಯಾಯಗಳು ಮುಗಿದು, ಜೆರಾಕ್ಸ್ ಪ್ರತಿಗಳು ಪ್ರಥಮ ಪಿಯುಸಿಯ ಮಕ್ಕಳ ಕೈಯಲ್ಲಿವೆ. ಅವರು ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ ಹಿಂದಿರುಗಿಸುವ ಪುಟಗಳಿಂದ ಯಾವ ವಿವರಣೆ ಅರ್ಥವಾಗಿಲ್ಲ ಎಂಬುದು ತಿಳಿಯುತ್ತಿದೆ. ಉಷ್ಣದ ಅಧ್ಯಾಯವನ್ನು ಹೋದ ಸೋಮವಾರ ಆರಂಭಿಸಿದೆ.

ಕೊಳ್ಳುವವರಿಗೆ ಒಂದು ಸೂಚನೆ. ಇದನ್ನು ಆನ್‌ಲೈನಿನಲ್ಲಿ ತರಿಸುವುದಕ್ಕಿಂತ ಅಂಗಡಿಗೆ ಹೋಗಿ ನೋಡಿ ಕೊಳ್ಳುವುದು ಉತ್ತಮ, ಏಕೆಂದರೆ ಒಂದೇ ಪೆಟ್ಟಿಗೆಯಲ್ಲಿ ಬಂದ ಟೈಮರುಗಳಲ್ಲಿಯೂ ಸದ್ದು ಒಂದರಂತೆ ಇನ್ನೊಂದರದ್ದು ಇರುವುದಿಲ್ಲ. ಮೂರು ನಾಲ್ಕನ್ನು ಎದುರಿಗಿಟ್ಟುಕೊಂಡು, ಪ್ರತಿಯೊಂದನ್ನೂ 60ರವರೆಗೆ ತಿರುಗಿಸಿ 2ರ ಗೆರೆಗೆ ಹಿಂದಕ್ಕೆ ತಂದು, ಗಂಟೆ ಬಾರಿಸುವವರೆಗೆ ಅಲ್ಲಿಯೇ ನಿಂತು ಕೇಳಬೇಕು. ಟಿಕ್ ಟಿಕ್ ಸಮನಾಗಿರುವ, ಗಂಟೆ ನಡುವೆ ತಡವರಿಸದೆ ಬಾರಿಸುವ ಒಂದನ್ನು ಆರಿಸಿಕೊಳ್ಳಬೇಕು. ನಾನು ಕೊಂಡ ಅಂಗಡಿಯವರು ಹೀಗೆ ಕಾಯಲು ಸಂತೋಷದಿಂದ ಒಪ್ಪಿ, ಕೂರಲು ಒಂದು ಸ್ಟೂಲನ್ನೂ ಕೊಟ್ಟರು.